ನೀರಗಂಟಿ ಹುಚ್ಚಯ್ಯನೂ ಅಳೆಯದೆ ಬರೆದ ಮಟ್ಟವೂ

ರಕ್ತದೊತ್ತಡ ಏರಿದರೆ ಮೂತ್ರಪಿಂಡ ಕೆಡುತ್ತದೆ; ಮೂತ್ರಪಿಂಡ ಕೆಟ್ಟರೆ ರಕ್ತದೊತ್ತಡ ಇನ್ನಷ್ಟು ಏರುತ್ತದೆ; ಇವೆರಡೂ ಒಂದನ್ನೊಂದು ತಿನ್ನುತ್ತಿರುವಾಗ ಮನುಷ್ಯನಿಗೆ ಬಹುಕಾಲ ಎಲ್ಲಿಯೂ ನೋಯುವುದಿಲ್ಲ. ಇದನ್ನು ನಾನು ಬರೆದು ತಿಳಿಸಬೇಕಾದ ಅಗತ್ಯವೇ ಇರಬಾರದಿತ್ತು. ಬೀದಿಗೆರಡು ಔಷಧಿ ಅಂಗಡಿ, ಕೈಗೊಂದು ಮೊಬೈಲು ಇರುವ ಕಾಲದಲ್ಲಿ ಇಷ್ಟು ಸಣ್ಣ ಸತ್ಯ ಎಲ್ಲರಿಗೂ ಬಾಯಿಪಾಠವಾಗಿರಬೇಕಿತ್ತು. ಆದರೂ ಬರೆಯುತ್ತಿದ್ದೇನೆ. ಮೂವತ್ತೆಂಟು ವರ್ಷದ ಒಬ್ಬ ಗಂಡಸು ವಾರಕ್ಕೆ ಎರಡು ಸಲ ತಿ. ನರಸೀಪುರಕ್ಕೆ ಹೋಗಿ, ಯಂತ್ರದ ಪಕ್ಕ ಮಲಗಿ, ರಕ್ತ ತೊಳೆಸಿಕೊಂಡು ಬರುತ್ತಿದ್ದಾನೆ. ಅವನ ಜೊತೆ ಒಂದೇ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ ಅರವತ್ತೊಂದು ಮಂದಿಯಲ್ಲಿ ಮುಂದಿನವನು ಯಾರೆಂದು ಯಾರಿಗೂ ಗೊತ್ತಿಲ್ಲ. ಆ ಮುಂದಿನವನ ಮೂತ್ರಪಿಂಡ ಹೋಗುವ ಮೊದಲೇ ಅವನನ್ನು ಹಿಡಿದು ನಿಲ್ಲಿಸುತ್ತೇನೆಂದು ಹೊರಟಿರುವವನು ಎಡತೋಳಿಲ್ಲದ ಖಾಕಿ ಕೋಟು ತೊಟ್ಟ ಒಬ್ಬ ನಿವೃತ್ತ ನೀರಗಂಟಿ.

ಕೋಟಿನ ವಿಷಯ ಮೊದಲೇ ಹೇಳಿ ಮುಗಿಸುತ್ತೇನೆ, ಏಕೆಂದರೆ ಹೆಮ್ಮರಗಾಲದ ಹುಚ್ಚಯ್ಯನನ್ನು ಕಂಡವರೆಲ್ಲ ಮೊದಲು ನೋಡುವುದು ಅದನ್ನೇ. ಇಲಾಖೆಯವರು ಯಾವ ಕಾಲದಲ್ಲೋ ಕೊಟ್ಟ ಒರಟು ಬಟ್ಟೆ. ಬಲತೋಳು ಗುಂಡಿಸಮೇತ ಮಣಿಕಟ್ಟಿನವರೆಗೆ ನೆಟ್ಟಗಿದೆ, ಎಡತೋಳನ್ನು ಮಾತ್ರ ಹೆಗಲ ಹೊಲಿಗೆಯಲ್ಲೇ ಕತ್ತರಿಸಿ, ಅಂಚನ್ನು ಒಳಕ್ಕೆ ಮಡಚಿ, ಬಿಳಿಯ ದಾರದಲ್ಲಿ ದಪ್ಪಗೆ ಹೊಲಿದಿದೆ. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಮೊದಲ ಸಲ ಆತ ನನ್ನ ಪಕ್ಕ ಕೂತಾಗ, ಪಾಪ ಏನು ಅಪಘಾತವೋ ಎಂದು ಮರುಗಿ, ಸರಿದು ಜಾಗ ಬಿಟ್ಟೆ. ಕೋಟಿನಿಂದ ಹೊರಗೆ ಬಂದಿದ್ದ ತೋಳು ಒನಕೆಯಂತೆ ಗಟ್ಟಿಯಾಗಿತ್ತು. ನನ್ನ ನೋಟ ಆತನಿಗೆ ಅರ್ಥವಾಯಿತು.

"ಅರ್ದೋಗಿಲ್ಲ ಸಾ, ನಾನೇ ಕತ್ತರ್ಸಿರೋದು. ಬಿಪಿ ನೋಡೋರು ಬಟ್ಟೆ ಮ್ಯಾಲೇ ಪಟ್ಟಿ ಸುತ್ತುಬುಡ್ತಾರೆ. ಬಟ್ಟೆಗೆ ಬಿಪಿ ಇದ್ರೆ ಬಟ್ಟೆಗೇ ಮಾತ್ರೆ ಕೊಡ್ಲಿ, ನಂಗ್ಯಾಕೆ?"

ಹೀಗೆ ಪರಿಚಯವಾದ ಮನುಷ್ಯನ ನಡಿಗೆಯೂ ಒಂದು ವಿಚಿತ್ರ. ಮೂವತ್ತು ವರ್ಷ ನಾಲೆಯ ಏರಿಯ ಮೇಲೆ, ಒಂದು ಕಡೆ ನೀರು ಇನ್ನೊಂದು ಕಡೆ ಗದ್ದೆ ಇಟ್ಟುಕೊಂಡು ನಡೆದವನಾದ್ದರಿಂದ, ಹೆದ್ದಾರಿಯ ಅಂಚಿನಲ್ಲಿಯೂ ಒಂದು ಪಾದದ ಮುಂದೆ ಇನ್ನೊಂದು ಪಾದವನ್ನು ಗೆರೆ ಎಳೆದಂತೆ ಇಡುತ್ತಾನೆ. ಹತ್ತು ಹೆಜ್ಜೆಗೊಮ್ಮೆ ತಲೆ ತಾನಾಗಿಯೇ ಎಡಕ್ಕೆ ವಾಲುತ್ತದೆ, ಅಲ್ಲಿ ನೀರು ಇಲ್ಲದಿದ್ದರೂ. ಎದುರಿಗೆ ಸಿಕ್ಕವರನ್ನು ನಮ್ಮ ಸೀಮೆಯವರೆಲ್ಲ ಊಟ ಆಯ್ತಾ ಎಂದು ಕೇಳಿದರೆ ಈತ "ಮಟ್ಟ ಏನು?" ಎಂದು ಕೇಳುತ್ತಾನೆ. ಗೊತ್ತಿದ್ದವರು ಬಿಪಿ ಹೇಳುತ್ತಾರೆ. ಗೊತ್ತಿಲ್ಲದವರು ಇವನ ಹೆಸರಿಗೂ ಇವನಿಗೂ ಏನೋ ಸಂಬಂಧವಿದೆಯೆಂದು ನಗುತ್ತಾರೆ.

ಮಟ್ಟವೆಂದರೆ ಆತನಿಗೆ ಆಡುಮಾತಲ್ಲ, ಕಸುಬು. ನಾಲೆಯ ಬದಿಯಲ್ಲಿ ಅಡಿ-ಅಂಗುಲದ ಗುರುತು ಕೊರೆದ ಒಂದು ಕಲ್ಲು ನಿಂತಿರುತ್ತದೆ; ನೀರು ಎಷ್ಟನೆಯ ಗೆರೆಯನ್ನು ಮುಟ್ಟಿದೆಯೆಂದು ಬೆಳಿಗ್ಗೆ ಸಂಜೆ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು, ಬರೆದುದಕ್ಕೆ ತಕ್ಕಂತೆ ತೂಬಿನ ಬಾಗಿಲನ್ನು ಏರಿಸುವುದು ಇಳಿಸುವುದು, ಇದು ನೀರಗಂಟಿಯ ಕೆಲಸ. ಕೇಳಿದರೆ ಬಹಳ ಸುಲಭ. ಆದರೆ ನೀರು ಸುಮ್ಮನೆ ನಿಲ್ಲುವುದಿಲ್ಲ. ಎಮ್ಮೆ ಇಳಿದಿದ್ದರೆ ಅಲೆ, ಗಾಳಿ ಬೀಸಿದರೆ ಅಲೆ, ತಾನು ಓಡಿ ಬಂದು ಇಣುಕಿದರೆ ತನ್ನ ಕಾಲಿನದೇ ಅದುರು. ಆದ್ದರಿಂದ ಹುಚ್ಚಯ್ಯ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ನೀರು ಸಮಾಧಾನಕ್ಕೆ ಬರುವವರೆಗೆ ಕಾದು, ಒಮ್ಮೆ ನೋಡಿ, ಬೀಡಿ ಹಚ್ಚಿ, ಮತ್ತೊಮ್ಮೆ ನೋಡಿ, ಎರಡರ ನಡುವಿನ ಅಂಕಿ ಬರೆಯುತ್ತಿದ್ದನಂತೆ. ಬೀಡಿಯನ್ನು ಮುಂದೆ ಬಿಟ್ಟ. ಎರಡು ಸಲ ನೋಡುವುದನ್ನು ಬಿಡಲಿಲ್ಲ.

ಒಂದೇ ಒಂದು ಸಲ ನೋಡದೆ ಬರೆದಿದ್ದ. ಸುತ್ತೂರಿನ ಕಡೆ ನಾದಿನಿಯ ಮದುವೆ. ಹಿಂದಿನ ದಿನದ ಮೂರಡಿ ಎರಡಂಗುಲವನ್ನೇ ಇಂದಿಗೂ ನಾಳೆಗೂ ಎಳೆದು, ಪಂಚೆ ಬದಲಿಸಿ ಹೊರಟುಬಿಟ್ಟ. ಮೇಲೆಲ್ಲೋ ಬಾಗಿಲು ಹೆಚ್ಚು ತೆರೆದಿದ್ದರು. ಮಟಮಟ ಮಧ್ಯಾಹ್ನ ನಾಲೆಯ ಏರಿ ಒಡೆದು, ಪುಟ್ಟಮಾದಮ್ಮ ಎಂಬ ವಿಧವೆಯ ಮುಕ್ಕಾಲು ಎಕರೆ ಭತ್ತದ ಮೇಲೆ ಮೊಳಕಾಲುದ್ದ ಮರಳು ಕೂತಿತು. ಇಲಾಖೆ ಏನನ್ನೂ ಕೇಳಲಿಲ್ಲ. ರಿಜಿಸ್ಟರಿನಲ್ಲಿ ಎಲ್ಲ ಸರಿಯಾಗಿತ್ತಲ್ಲ! ಕೇಳಿದವಳು ಪುಟ್ಟಮಾದಮ್ಮ ಒಬ್ಬಳೇ. ಇಂದಿಗೂ, ಎಂಬತ್ತು ದಾಟಿ ಬೆನ್ನು ಬಾಗಿದ ಮೇಲೂ, ಜಗಲಿಯಿಂದಲೇ ಕೂಗುತ್ತಾಳೆ: "ಏನ್ಲಾ ಉಚ್ಚಯ್ಯ, ಇವತ್ತು ನೋಡ್ ಬರ್ದ್ಯೋ, ನೋಡ್ದೆ ಬರ್ದ್ಯೋ?" ಆತ ನಿಂತು, ತಲೆ ತಗ್ಗಿಸಿ, "ನೋಡೇ ಬರ್ದೆ ಕಣವ್ವ" ಎಂದು ಉತ್ತರ ಕೊಟ್ಟೇ ಮುಂದೆ ಹೋಗುತ್ತಾನೆ. ಒಂದು ಸುಳ್ಳು ಅಂಕಿಗೆ ಇಷ್ಟು ವರ್ಷ ಲೆಕ್ಕ ಒಪ್ಪಿಸಿದ ಸರ್ಕಾರಿ ನೌಕರನನ್ನು ನಾನು ಬೇರೆ ಕಂಡಿಲ್ಲ.

ಹನ್ನೊಂದು ವರ್ಷದ ಹಿಂದೆ ಹುಚ್ಚಯ್ಯನ ಕಾಲು ಊದಿಕೊಂಡಿತು, ಮೂತ್ರದಲ್ಲಿ ಸೋಪು ಕಲಸಿದಂತೆ ನೊರೆ ಬಂತು. ಅದಕ್ಕೂ ಮುಂಚೆ ಆರು ವರ್ಷ ಮಂಡಿನೋವಿಗೆಂದು ಔಷಧಿ ಅಂಗಡಿಯಿಂದ ಕೆಂಪು ಮಾತ್ರೆ ತಂದು, ಕಡಲೆಕಾಯಿ ತಿಂದಂತೆ ತಿಂದಿದ್ದ. ಕೊಟ್ಟವನು ಚೀಟಿ ಕೇಳಲಿಲ್ಲ, ಬಿಪಿ ಇದೆಯೇ ಎಂದು ಕೇಳಲಿಲ್ಲ. ನೋವು ಕೊಲ್ಲುವ ಆ ಮಾತ್ರೆ ದಿನವೂ ಹೊಟ್ಟೆಗೆ ಬಿದ್ದರೆ ಮೂತ್ರಪಿಂಡವನ್ನೂ ಕೊಲ್ಲಬಹುದೆಂದು ಹೇಳುವುದು ತನ್ನ ಕೆಲಸವೆಂದು ಅವನಿಗೆ ಹೊಳೆಯಲೇ ಇಲ್ಲ. ಇಂಥವರು ನಮ್ಮಲ್ಲಿ 'ಅರ್ಧ ಡಾಕ್ಟರು' ಎಂಬ ಗೌರವಕ್ಕೆ ಪಾತ್ರರು. ಉಳಿದರ್ಧ ಯಾರೆಂದು ಯಾರೂ ಕೇಳುವುದಿಲ್ಲ.

ನರಸೀಪುರದಲ್ಲಿ ನೋಡಿದ ವೈದ್ಯೆ ನಂದಿತಾ ಎಂಬಾಕೆ, ಆಗಿನ್ನೂ ಚಿಕ್ಕ ವಯಸ್ಸು. ಬಿಪಿ ನೂರ ತೊಂಬತ್ತು, ನೂರ ಹತ್ತು. ಮೂತ್ರಪಿಂಡದ ಶಕ್ತಿ ನೂರಕ್ಕೆ ನಲವತ್ತರಷ್ಟು ಉಳಿದಿತ್ತು. ಆ ದಿನದ ಮಾತುಕತೆಯನ್ನು ಹುಚ್ಚಯ್ಯ ಎರಡು ದನಿಯಲ್ಲಿ ಅಭಿನಯಿಸಿ ತೋರಿಸುತ್ತಾನೆ.

"ಹೋಗಿರೋದು ವಾಪಸ್ ಬರಲ್ಲ ಹುಚ್ಚಯ್ಯನವರೇ. ಉಳಿದಿರೋದನ್ನ ಉಳಿಸ್ಕೋಬಹುದು."

"ಅಂದ್ರೆ ತೂಬು ಸವ್ದದೆ, ಮ್ಯಾಲ್ಗಡೆ ಒತ್ತಡ ತಗ್ಗುಸ್ಬೇಕು ಅನ್ನಿ."

"ಅಷ್ಟೇ. ಬಿಪಿ ನೂರ ಮೂವತ್ತು, ಎಂಬತ್ತರ ಒಳಗೆ ಇರಬೇಕು."

"ಎಷ್ಟ್ ದಿನ ಮೇಡಂ?"

"ಇರೋ ತನಕ."

"ನಾಲೆ ಇರೋಗಂಟ ನೀರಗಂಟಿ ಇರ್ಬೇಕು. ಅದೇನ್ ನಂಗೆ ಒಸದಲ್ಲ, ಬುಡಿ."

ವೈದ್ಯಶಾಸ್ತ್ರದ ನಾಲ್ಕು ಪುಸ್ತಕಗಳನ್ನು ಒಬ್ಬನೇ ಕೂತು ಬಿಡಿಸಿ ಓದಿದ ನನಗೆ, ಮೂತ್ರಪಿಂಡದೊಳಗಿನ ಸೂಕ್ಷ್ಮ ಜಾಲರಿಗಳ ಮೇಲೆ ರಕ್ತದೊತ್ತಡ ಎಸಗುವ ಹಿಂಸೆಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಕೊಟ್ಟಿಲ್ಲ.

ಅಂದಿನಿಂದ ಆತ ತನ್ನ ಮೈಯನ್ನೇ ನಾಲೆಯಾಗಿ ಕಾಯತೊಡಗಿದ. ಒತ್ತಡವನ್ನೂ ಮೂತ್ರದಲ್ಲಿ ಸೋರುವ ಪ್ರೋಟೀನನ್ನೂ ಒಟ್ಟಿಗೆ ತಗ್ಗಿಸುವ ಒಂದು ಮಾತ್ರೆ, ಅದರ ಜೊತೆಗೆ ಇನ್ನೆರಡು. ಒಂದು ಯಂತ್ರ ತಂದುಕೊಂಡ. ಬೆಳಿಗ್ಗೆ ಒಂದಕ್ಕೆ ಹೋಗಿ ಬಂದು, ಕಾಫಿ ಕುಡಿಯುವ ಮೊದಲು, ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತು, ಎರಡೂ ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಐದು ನಿಮಿಷ ಮೌನ. ಆ ಐದು ನಿಮಿಷದಲ್ಲಿ ಮನೆಗೆ ಬೆಂಕಿ ಬಿದ್ದರೂ ಈವಯ್ಯ ಏಳುವುದಿಲ್ಲವೆಂದು ಹೆಂಡತಿ ಮಂಚಮ್ಮನ ದೂರು. ಒಮ್ಮೆ ಅಳತೆ, ಒಂದು ನಿಮಿಷ ಬಿಟ್ಟು ಇನ್ನೊಂದು ಅಳತೆ, ಆಮೇಲೆ ನೋಟ್‌ಬುಕ್ಕು. ಹನ್ನೊಂದು ವರ್ಷದ ಹನ್ನೊಂದು ನೋಟ್‌ಬುಕ್ಕುಗಳಿವೆ. ನಲವತ್ತಿದ್ದ ಶಕ್ತಿ ಈಗ ಮೂವತ್ತಾರು. ಹನ್ನೊಂದು ವರ್ಷಕ್ಕೆ ನಾಲ್ಕೇ ನಾಲ್ಕು! ಹೆಚ್ಚು ಕಲಿತವರು ಇದನ್ನು ಪವಾಡವೆಂದರು. ಆತ ಮಾತ್ರ "ಓಗಿ ನೋಡ್ಕಂಡ್ ಬರ್ತಿದ್ದೆ, ಅಷ್ಟೆಯ" ಎನ್ನುತ್ತಾನೆ.

ಉಪ್ಪಿನ ಯುದ್ಧ ಮಾತ್ರ ಸುಲಭದ್ದಾಗಿರಲಿಲ್ಲ. ಮುದ್ದೆಗೆ ಉಪ್ಪೆಸರು ಸೇರಿಸಿಕೊಂಡು ಬೆಳೆದ ನಾಲಿಗೆ. ಹೆಸರಲ್ಲೇ ಉಪ್ಪಿರುವ ಸಾರನ್ನು ಉಪ್ಪಿಲ್ಲದೆ ಹೇಗೆ ಮಾಡುವುದು? ಮಂಚಮ್ಮ ಆರು ತಿಂಗಳು ಅತ್ತಳು. "ಎಣದ ಮುಂದೆ ಇಡೋ ಊಟಕ್ಕೂ ಒಸಿ ಉಪ್ಪಾಕ್ತಾರೆ ಕಣ್ರೀ, ನನ್ ಗಂಡುನ್ಗೆ ಅದೂ ಇಲ್ಲ" ಎಂದು ನನ್ನೆದುರೇ ಹಣೆ ಚಚ್ಚಿಕೊಂಡಳು. ಕೊನೆಗೆ ಹುಣಸೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಬಲದಿಂದ ಒಂದು ಸಾರನ್ನು ಅವಳೇ ಕಟ್ಟಿದಳು. ಈಗ ಅಕ್ಕಪಕ್ಕದವರು ಕೇಳಿ ಬಡಿಸಿಕೊಳ್ಳುತ್ತಾರೆ. ನಡುವೆ ಯಾರೋ ನೆಂಟರು 'ಬಿಪಿಯವರ ಉಪ್ಪು' ಎಂದು ಒಂದು ಪೊಟ್ಟಣ ತಂದುಕೊಟ್ಟರು. ಹುಚ್ಚಯ್ಯ ಅದನ್ನು ಒಡೆಯದೆ, ನರಸೀಪುರದವರೆಗೆ ಒಯ್ದು, ವೈದ್ಯೆಯ ಮೇಜಿನ ಮೇಲಿಟ್ಟ. ಅದರಲ್ಲಿ ಪೊಟ್ಯಾಸಿಯಂ ತುಂಬಿದೆ, ಸೋತ ಮೂತ್ರಪಿಂಡ ಅದನ್ನು ಹೊರಹಾಕಲಾರದು, ನೀವು ನುಂಗುವ ಮಾತ್ರೆಯೂ ಅದನ್ನು ಏರಿಸುತ್ತದೆ, ಹೆಚ್ಚಾದರೆ ಎದೆಬಡಿತವೇ ನಿಲ್ಲಬಹುದು ಎಂದು ಆಕೆ ಹೇಳಿದಳು. ಆ ಪೊಟ್ಟಣದ ಮೇಲೆ ಹಸಿರು ಎಲೆಯೂ ಕೆಂಪು ಹೃದಯವೂ ಅಚ್ಚಾಗಿದ್ದವು. ಎಚ್ಚರಿಕೆಯೂ ಇತ್ತು, ಇರುವೆಯ ಕಾಲಿನಷ್ಟು ದೊಡ್ಡ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ.

ಈಗ ನಟರಾಜನ ಕತೆ ಹೇಳಬೇಕು. ಮೊದಲಿಗೆ ಹೇಳಿದ ಮೂವತ್ತೆಂಟು ವರ್ಷದ ಗಂಡಸು ಅವನೇ.

ನಟರಾಜ ಹುಚ್ಚಯ್ಯನ ತಮ್ಮನ ಮಗ. ತಮ್ಮ ತೀರಿಕೊಂಡ ಮೇಲೆ ದೊಡ್ಡಪ್ಪನೇ ಓದಿಸಿದ್ದು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಹೆಂಡತಿ ಕವನ, ಶಾಲೆಗೆ ಹೋಗುವ ಒಂದು ಹೆಣ್ಣುಮಗು. ಕಾರ್ಖಾನೆಯ ಹೆಸರು ಬರೆಯುವುದಿಲ್ಲ, ಏಕೆಂದರೆ ಬರೆದರೆ ನೀವು ಆ ಒಂದು ಹೆಸರನ್ನು ಬೈದು ಮಿಕ್ಕವರನ್ನು ಕ್ಷಮಿಸಿಬಿಡುತ್ತೀರಿ. ಕಳೆದ ವರ್ಷದ ವೈಶಾಖದಲ್ಲಿ ದೊಡ್ಡಪ್ಪ ಅವನನ್ನು ಹಿಡಿದು ಕೂರಿಸಿದ.

"ಐದ್ ನಿಮಿಸ ಬಾಯ್ ಮುಚ್ಕಂಡ್ ಕೂರಕ್ಕೆ ನಾನೇನ್ ಮದ್ವೆ ಎಣ್ಣಾ ದೊಡ್ಡಪ್ಪ?"

"ಮದ್ವೆ ಎಣ್ಣಾಗಿದ್ರೆ ಇಷ್ಟ್ ಒಟ್ಟೆ ಇರ್ತಿರ್ಲಿಲ್ಲ ಕಣ್ಲಾ. ಮುಚ್ಚು."

ನೂರ ಅರವತ್ತೆಂಟು, ನೂರ ನಾಲ್ಕು. ಎರಡನೆಯ ಸಲ ನೂರ ಅರವತ್ತಾರು. ಹುಚ್ಚಯ್ಯ ಅವನನ್ನು ವೈದ್ಯೆಯ ಬಳಿ ಎಳೆದೊಯ್ದ. ಮೂತ್ರದಲ್ಲಿ ಪ್ರೋಟೀನು ಸಿಕ್ಕಿತು. ಮೂತ್ರಪಿಂಡ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಏರಿ ಒಂದೂವರೆಯ ಹತ್ತಿರ ಬಂದಿತ್ತು, ಅಂದರೆ ಮೂತ್ರಪಿಂಡ ಸೋಲಲು ಆರಂಭಿಸಿತ್ತು, ಸೋತಿರಲಿಲ್ಲ. ಮಾತ್ರೆ ಶುರುವಾಯಿತು. ಎರಡು ವಾರದ ನಂತರದ ಪರೀಕ್ಷೆಯಲ್ಲಿ ಆ ಅಂಕಿ ಒಂದು ಕೂದಲೆಳೆ ಏರಿತು. ಈ ಮಾತ್ರೆಯಲ್ಲಿ ಮೊದಮೊದಲು ಅಷ್ಟು ಏರುವುದುಂಟು, ಒಳಗಿನ ಒತ್ತಡ ಇಳಿದುದರ ಗುರುತು ಅದು, ಹೆದರಿ ನಿಲ್ಲಿಸಬೇಡ, ತಿಂಗಳು ಬಿಟ್ಟು ಬಾ ಎಂದು ವೈದ್ಯೆ ಬರೆದೂ ಕೊಟ್ಟಳು, ಬಾಯಲ್ಲೂ ಹೇಳಿದಳು.

ಆ ತಿಂಗಳು ತುಂಬುವ ಮೊದಲು ಮೂರು ಸಂಗತಿ ನಡೆದವು. ಕ್ಯಾಂಟೀನಿನಲ್ಲಿ ಗೆಳೆಯನೊಬ್ಬ ಆ ಚೀಟಿ ನೋಡಿ, "ಕ್ರಿಯಾಟಿನಿನ್ ಏರದೆ ಕಣೋ, ಬಿಪಿ ಮಾತ್ರೆನೇ ನಿನ್ ಕಿಡ್ನಿ ತಿಂತಾ ಅದೆ" ಎಂದ. ಇನ್ನೊಬ್ಬ ಮೊಬೈಲಿನಲ್ಲಿ ಒಂದು ವಿಡಿಯೋ ಕಳಿಸಿದ: ದಿನವೂ ಬೆಳಿಗ್ಗೆ ಬಾಳೆದಿಂಡಿನ ರಸ ಕುಡಿದರೆ ಕಿಡ್ನಿ ತೊಳೆದ ಪಾತ್ರೆಯಂತಾಗುತ್ತದೆ. ನಮ್ಮ ಸೀಮೆಯಲ್ಲಿ ಮೂತ್ರಪಿಂಡದ ಕಲ್ಲಿಗೆ ಬಾಳೆದಿಂಡು ಕುಡಿಸುವುದು ವಾಡಿಕೆ; ಕಲ್ಲು ಬೇರೆ, ಸವೆತ ಬೇರೆ ಎಂದು ತಿಳಿಯದೆ ಎಲ್ಲಕ್ಕೂ 'ಕಿಡ್ನಿ' ಎಂಬ ಒಂದೇ ಹಣೆಪಟ್ಟಿ ಅಂಟಿಸಿ ಒಂದೇ ಮದ್ದು ಅರೆಯುತ್ತೇವೆ. ನಂಜನಗೂಡಿನವರ ಹಿತ್ತಲಲ್ಲಿ ಬಾಳೆಗೇನು ಬರವೇ? ಇವೆರಡನ್ನೂ ನಟರಾಜ ಪೂರ್ತಿ ನಂಬಿರಲಿಲ್ಲ. ನಂಬಿಸಿದ್ದು ಮೂರನೆಯದು. ಕಾರ್ಖಾನೆಯಲ್ಲಿ ವಾರ್ಷಿಕ ಆರೋಗ್ಯ ತಪಾಸಣೆ ನಡೆದು, ಅವನ ಹೆಸರಿನ ಮುಂದೆ ಬಿಪಿ ನೂರಿಪ್ಪತ್ತು, ಎಂಬತ್ತು ಎಂದು ಮೊಹರಿನೊಂದಿಗೆ ಬಂತು.

ದೊಡ್ಡಪ್ಪನ ಯಂತ್ರ ದೊಡ್ಡದೋ, ಕಂಪನಿಯ ಮೊಹರು ದೊಡ್ಡದೋ? ಮಾತ್ರೆ ನಿಲ್ಲಿಸಿದ. ದಿಂಡಿನ ರಸ ಹಿಡಿದ. ತಲೆನೋವು ಬಂದರೆ, ಅದು ಏರಿದ ಒತ್ತಡದ ತಲೆನೋವೆಂದು ತಿಳಿಯದೆ, ಔಷಧಿ ಅಂಗಡಿಯ ಅದೇ ಕೆಂಪು ಮಾತ್ರೆ. ದೊಡ್ಡಪ್ಪ ದೂರದಲ್ಲಿ ಕಂಡರೆ ಬೈಕನ್ನು ಬೇರೆ ಬೀದಿಗೆ ತಿರುಗಿಸುತ್ತಿದ್ದ. ಕೇಳಿದರೆ "ನುಂಗ್ತಾ ಇವ್ನಿ ದೊಡ್ಡಪ್ಪ, ನಾರ್ಮಲ್ ಅದೆ" ಎನ್ನುತ್ತಿದ್ದ. ಒಂಬತ್ತು ತಿಂಗಳು ಹೀಗೆ ಕಳೆಯಿತು. ಈ ವರ್ಷದ ಶಿವರಾತ್ರಿ ಮುಗಿದ ವಾರ, ಹಗಲು ಪಾಳಿಯಲ್ಲಿ ಉಸಿರು ಕಟ್ಟಿ ಬಿದ್ದ. ಒತ್ತಡ ಇನ್ನೂರ ಇಪ್ಪತ್ತು. ಮೂತ್ರಪಿಂಡದ ಶಕ್ತಿಯಲ್ಲಿ ನೂರಕ್ಕೆ ಏಳು ಪಾಲೂ ಉಳಿದಿರಲಿಲ್ಲ. ಅಷ್ಟು ಬೇಗ ಹೋಗುತ್ತದೆಯೇ ಎಂದು ಕೇಳುವವರಿಗೆ ವೈದ್ಯೆಯ ಉತ್ತರ: ಒತ್ತಡ ಆ ಎತ್ತರಕ್ಕೆ ಏರಿ ನಿಂತರೆ ಹೋಗುತ್ತದೆ.

ಮೊದಲ ಡಯಾಲಿಸಿಸ್ ಮುಗಿದು ಮನೆಗೆ ಬಂದಾಗ ಊರಿಗೆ ಊರೇ ನೋಡಲು ಬಂತು. ನಮ್ಮ ಜನರ ಅಂತಃಕರಣ ದೊಡ್ಡದು, ಬರಿಗೈಯಲ್ಲಿ ಬರುವುದಿಲ್ಲ. ತಂದದ್ದು ರಸಬಾಳೆಯ ಚಿಪ್ಪು, ಎಳನೀರು. ಎರಡೂ ಪೊಟ್ಯಾಸಿಯಂನ ಮೂಟೆ. ಹುಚ್ಚಯ್ಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಸುಂಕದ ಕಟ್ಟೆಯವನಂತೆ ಕೂತ. ಅವನ ತಂಗಿ ಚನ್ನಾಜಮ್ಮ ಎರಡು ಎಳನೀರನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.

"ತಂಪು ಕಣಣ್ಣ, ಉರಿ ಎಲ್ಲಾ ಇಳೀತದೆ."

"ಉಸ್ರೂ ಇಳೀತದೆ ಕಣ್ ಚನ್ನಾಜಿ. ಒಳ್ಳೆ ಮನಸಲ್ಲಿ ತಂದಿದ್ದೀಯ, ಒಳ್ಳೆ ಮನಸಲ್ಲೇ ವಾಪಸ್ ತಗಂಡೋಗು."

"ನೀನು ಮನ್ಸ್ನೇನಣ್ಣ? ಸಾಯ್ತಾ ಬಿದ್ದಿರೋ ಕೂಸ್ಗೆ ಎಳ್ನೀರ್ ಬ್ಯಾಡ ಅಂತೀಯಲ್ಲ!"

"ಸಾಯ್ಬಾರ್ದು ಅಂತ್ಲೇ ಬ್ಯಾಡ ಅಂತಿರೋದು."

ಅವಳು ಎಳನೀರನ್ನು ಅಂಗಳದಲ್ಲೇ ಕುಕ್ಕಿ, ಅಣ್ಣನಿಗೆ ಶಾಪ ಹಾಕುತ್ತ ಹೋದಳು. ಅವಳನ್ನು ನಾನು ಬೈಯಲಾರೆ. ಅವಳಿಗೆ ಯಾರು ಹೇಳಿದ್ದರು? ಬೇಡದ್ದನ್ನೆಲ್ಲ ಗೋಡೆಗೋಡೆಯ ಮೇಲೆ ಬರೆಸುವವರು ಇದೊಂದನ್ನು ಎಲ್ಲಿ ಬರೆಸಿದ್ದರು?

ಆ ಸಂಜೆಯೇ, ಡಯಾಲಿಸಿಸ್‌ಗೆ ಬೇಕಾದ ಕಾಗದಪತ್ರ ಹುಡುಕುತ್ತಿದ್ದ ಕವನ ಗಂಡನ ಮೊಬೈಲಿನಲ್ಲಿದ್ದ ಒಂದು ಫೋಟೋವನ್ನು ದೊಡ್ಡಮಾವನಿಗೆ ತೋರಿಸಿದಳು. ಕಾರ್ಖಾನೆಯ ಸೂಚನಾಫಲಕದಲ್ಲಿ ಅಂಟಿಸಿದ್ದ ತಪಾಸಣೆಯ ಪಟ್ಟಿ. ಎಲ್ಲರೂ ಅರ್ಹರೆಂದು ಸಂಭ್ರಮದಿಂದ ಯಾರೋ ಗುಂಪಿಗೆ ಕಳಿಸಿದ್ದರು. ಹುಚ್ಚಯ್ಯ ಕನ್ನಡಕ ಏರಿಸಿ, ಬೆರಳಿಟ್ಟು, ಮೇಲಿನಿಂದ ಕೆಳಗೆ ಬಂದ. ನೂರಿಪ್ಪತ್ತು, ಎಂಬತ್ತು. ನೂರಿಪ್ಪತ್ತು, ಎಂಬತ್ತು. ಕೆಳಗಿನಿಂದ ಮೇಲೆ ಹೋದ. ಅರವತ್ತೆರಡು ಹೆಸರು, ಅರವತ್ತೆರಡು ತೋಳು, ಒಂದೇ ಅಂಕಿ, ಒಂದೇ ಶಾಯಿ, ಒಂದೇ ಕೈಬರಹ. ನಾನು ಪಕ್ಕದಲ್ಲಿದ್ದೆ. ನನಗೆ ಅದು ಬರಿಯ ಪಟ್ಟಿಯಾಗಿ ಕಂಡಿತ್ತು. ಆತನಿಗೆ ಅದು ಎಂಥದೆಂದು ಕಣ್ಣಿಗೆ ಬಿದ್ದ ಕ್ಷಣದಲ್ಲೇ ತಿಳಿದಿತ್ತು.

"ಎಲ್ಲಾ ದಿನಕ್ಕೂ ಒಂದೇ ಮಟ್ಟ ಬರ್ದವ್ನು ನಾಲೆ ತಾವ್ಕೇ ಓಗಿಲ್ಲ ಸಾ" ಎಂದ. "ನಂಗೊತ್ತು. ನಾನೂ ಒಂದಿನ ಬರ್ದಿವ್ನಿ."

ಬಾಗಿಲಾಚೆ ಮಲಗಿದ್ದ ನಟರಾಜನನ್ನು ಕೇಳಿದೆವು. ಅವನು ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದ: "ತೋಳ್ಗೆ ಸುತ್ತೋ ಪಟ್ಟಿ ಚೀಲ್ದಿಂದ ಆಚ್ಗೇ ತಗೀಲಿಲ್ಲ ದೊಡ್ಡಪ್ಪ. ತೂಕ ನೋಡುದ್ರು, ಎಸ್ರು ಕೇಳುದ್ರು, ಸೈನ್ ಮಾಡು ಅಂದ್ರು. ಮಾಡ್ದೆ. ಮಾತ್ರೆ ಬುಡೋಕೆ ನೆಪ ಬೇಕಿತ್ತು, ಮೊಹರು ನೋಡಿ ನಂಬ್ಬುಟ್ಟೆ."

ತೂಕ ನೋಡಿದರಂತೆ! ಕಡಿಯುವ ಕುರಿಗೂ ಅದನ್ನು ನೋಡುತ್ತಾರೆ. ಐದು ನಿಮಿಷ ಮೌನ, ಎರಡು ಅಳತೆ: ಅರವತ್ತೆರಡು ಮಂದಿಗೆ ಎರಡು ದಿನ ಸಾಲುತ್ತಿತ್ತು. ಆ ಎರಡು ದಿನವನ್ನು ಉಳಿಸಿಕೊಂಡವರು ಯಾವ ಕಾರ್ಯಕ್ಕೆ ಅದನ್ನು ಬಳಸಿದರೋ ನನಗೆ ತಿಳಿಯದು; ಅದರ ಬದಲಿಗೆ ನಟರಾಜ ಇನ್ನು ಬದುಕಿರುವಷ್ಟು ಕಾಲ ವಾರಕ್ಕೆ ಎರಡು ದಿನ ಕೊಡುತ್ತಾನೆ ಎಂಬುದು ಮಾತ್ರ ತಿಳಿದಿದೆ.

ಮರುದಿನ ಹುಚ್ಚಯ್ಯ ತನ್ನ ನೋಟ್‌ಬುಕ್ಕನ್ನೂ ಆ ಫೋಟೋವನ್ನೂ ಹಿಡಿದು ಕಾರ್ಖಾನೆಯ ಗೇಟಿಗೆ ಹೋದ. ಜೊತೆಗೆ ನಾನೂ ಹೋದೆ. ಒಂದೂವರೆ ಗಂಟೆ ನಿಲ್ಲಿಸಿದ ಮೇಲೆ, ಇಸ್ತ್ರಿ ಮಾಡಿದ ಅಂಗಿಯ ಅಧಿಕಾರಿಯೊಬ್ಬ ಹೊರಗೆ ಬಂದು, ಬಹಳ ಸಮಾಧಾನದಿಂದ ಮಾತಾಡಿದ. ಆ ಸಮಾಧಾನವೇ ನನ್ನ ಮೈ ಉರಿಸಿತು.

"ಅಜ್ಜ, ಅದು ಫಾರ್ಮಾಲಿಟಿ. ಎಲ್ಲಾ ಕಡೆ ಹಿಂಗೇ ಮಾಡೋದು."

"ನನ್ ನಾಲೇಲಿ ನೀರು ಫಾರ್ಮಾಲಿಟಿಗೆ ಅರೀತಿರ್ಲಿಲ್ಲ ಸಾ. ಮಿಕ್ಕ ಅರವತ್ತೊಂದ್ ಜನುಕ್ಕೆ ಇನ್ನೊಂದ್ ಕಿತ ನೋಡ್ಸಿ, ಸಾಕು."

"ಅದು ನಿಮಗೆ ಸಂಬಂಧ ಇಲ್ಲದ ವಿಷಯ."

"ಆಗ್ಲಿ. ನಾನೇ ನೋಡ್ತೀನಿ."

ಆತ ಬೆದರಿಕೆ ಹಾಕುವವನಲ್ಲ, ಹೇಳಿದ್ದನ್ನು ಮಾಡುವವನು. ಈಗ ಆರು ವಾರದಿಂದ, ಪಾಳಿ ಬಿಡುವ ಹೊತ್ತಿಗೆ, ಗೇಟಿನಿಂದ ನೂರು ಗಜ ಆಚೆಗಿನ ಟೀ ಅಂಗಡಿಯ ಬೆಂಚಿನಲ್ಲಿ ಯಂತ್ರ ಇಟ್ಟುಕೊಂಡು ಕೂತಿರುತ್ತಾನೆ. ಮೊದಲ ವಾರ ಕಾವಲಿನವರು ಬಂದು ಎಬ್ಬಿಸಿದರು, ಅಂಗಡಿಯಾಕೆ ಶಿವರಂಜನಿ ಬೆಂಚನ್ನು ತನ್ನ ಗುಡಿಸಲ ಒಳಗೇ ಎಳೆದುಕೊಂಡು, "ಇದು ನನ್ ಜಾಗ, ಇವ್ರು ನನ್ ಗಿರಾಕಿ, ಏನಿವಾಗ?" ಎಂದಳು. ಆದರೆ ಅಳೆಯುವ ಮೊದಲು ಅರ್ಧ ಗಂಟೆ ಟೀ ಕುಡಿಯಬಾರದೆಂದು ಆತ ಹಟ ಹಿಡಿದಾಗ, ಅದೇ ಶಿವರಂಜನಿ ಆತನನ್ನು ಓಡಿಸುವುದೊಂದು ಬಾಕಿಯಿತ್ತು. ಈಗ ಅಳತೆ ಮೊದಲು, ಟೀ ಆಮೇಲೆ ಎಂದು ರಾಜಿಯಾಗಿದೆ.

ಪಟ್ಟಿಯ ಅರವತ್ತೊಂದರಲ್ಲಿ ಈವರೆಗೆ ನಲವತ್ತೇಳು ಮಂದಿ ಕೂತಿದ್ದಾರೆ. ಹತ್ತೊಂಬತ್ತು ಜನರ ಒತ್ತಡ ಏರಿತ್ತು. ಆ ಹತ್ತೊಂಬತ್ತು ಮಂದಿಯನ್ನು ಎರಡೆರಡು ಮೂರುಮೂರಾಗಿ ನರಸೀಪುರದ ಬಸ್ಸಿಗೆ ಹತ್ತಿಸಿ ಕರೆದೊಯ್ದದ್ದಾಯಿತು. ಇಬ್ಬರ ಮೂತ್ರದಲ್ಲಿ ಪ್ರೋಟೀನು ಸಿಕ್ಕಿತು. ಆ ಇಬ್ಬರಲ್ಲಿ ಒಬ್ಬ ರುದ್ರೇಶ, ಮೂವತ್ತನಾಲ್ಕು ವರ್ಷ. ಮಾತ್ರೆ ನುಂಗುತ್ತಿದ್ದ, ಸೋಮವಾರ ಬಿಟ್ಟು. ಸೋಮವಾರ ಒಪ್ಪತ್ತು, ನಂಜುಂಡೇಶ್ವರನ ವಾರ, ಬೆಳಿಗ್ಗೆ ಬಾಯಿಗೆ ಏನೂ ಹಾಕಬಾರದು. ಅದಕ್ಕೆ ಮಂಗಳವಾರ ಎರಡು ಸೇರಿಸಿ ನುಂಗುತ್ತಿದ್ದನಂತೆ, ಬಾಕಿ ತೀರಿಸುವವನ ಹಾಗೆ.

"ನಂಜುಂಡ ಜಗತ್ತಿನ್ ನಂಜನ್ನೆಲ್ಲಾ ನುಂಗ್ದವ್ನು ಕಣಪ್ಪ" ಎಂದ ಹುಚ್ಚಯ್ಯ. "ನೀನ್ ಒಂದ್ ಕಡ್ಲೆಕಾಳ್ನಷ್ಟು ಮಾತ್ರೆ ನುಂಗುದ್ರೆ ಅವ್ನು ಮುನುಸ್ಕಂಡಾನಾ? ನುಂಗ್ದೆ ಇರೋ ಸೋಂಬೇರಿತನಕ್ಕೆ ಅವ್ನ್ ಎಸ್ರು ಏಳ್ಬ್ಯಾಡ."

"ನೀವ್ ಮನೇಲಿ ಬುದ್ಧನ ಪಟ ಇಟ್ಕಂಡಿರೋರು, ನಿಮ್ಗೇನ್ ಗೊತ್ತು ಸೋಮಾರ?"

"ಬುದ್ಧ ಒಪ್ಪತ್ ಮಾಡಿ ಮಾಡಿ ಮೂಳೆ ಬುಟ್ಕಂಡು, ಆಮ್ಯಾಕೆ ಬ್ಯಾಡ ಅಂತ ಎದ್ದು ಉಂಡವ್ನು ಕಣ್ಲಾ. ನುಂಗು."

ಬೆಂಚಿನಲ್ಲಿದ್ದವರೆಲ್ಲ ನಕ್ಕರು, ರುದ್ರೇಶನೂ ನಕ್ಕ. ಈಗ ಸೋಮವಾರವೂ ಒಂದು ಗುಟುಕು ನೀರಿನಲ್ಲಿ ಮಾತ್ರೆ ಹೋಗುತ್ತದೆ. ಕಳೆದ ವಾರದ ಅಂಕಿ ನೂರ ಇಪ್ಪತ್ತೆಂಟು, ಎಪ್ಪತ್ತೆಂಟು. ರುದ್ರೇಶ ಉಳಿಯಬಹುದು. ಆದರೆ ಪಟ್ಟಿಯಲ್ಲಿ ಇನ್ನೂ ಹದಿನಾಲ್ಕು ಹೆಸರಿವೆ. ಕೆಲವರಿಗೆ ಕೆಲಸ ಹೋದೀತೆಂಬ ಭಯ, ಕೆಲವರಿಗೆ ಗೊತ್ತಾದೀತೆಂಬ ಭಯ. ಅವರು ಟೀ ಅಂಗಡಿಯ ಮುಂದೆ ಬೈಕಿನ ವೇಗ ಹೆಚ್ಚಿಸುತ್ತಾರೆ. ಪ್ರತಿ ಸಂಜೆ ಹುಚ್ಚಯ್ಯ ಅವರ ಬೆನ್ನು ನೋಡುತ್ತ, ಮೆಲ್ಲಗೆ, ಲೆಕ್ಕ ಹಾಕುತ್ತಾನೆ. ಒಮ್ಮೆ ನನ್ನ ಕಡೆ ತಿರುಗದೆಯೇ ಹೇಳಿದ: "ನಮ್ ನಟ್ರಾಜನೂ ಇಂಗೇ ಓಡುಸ್ಕಂಡ್ ಓಯ್ತಿದ್ದ ಸಾ."

ಇಂಥ ಮನುಷ್ಯರ ಒಂದು ಕುಲವಿದೆ. ಅವರು ಪಂಡಿತರಲ್ಲ, ಸಂತರಲ್ಲ, ಒಳ್ಳೆಯ ಮಾತುಗಾರರೂ ಅಲ್ಲ. ಜೊತೆಯಲ್ಲಿ ಊಟಕ್ಕೆ ಕೂತರೆ ಕಿರಿಕಿರಿ, ಮದುವೆಮನೆಯಲ್ಲಿ ಮುಜುಗರ, ಕಛೇರಿಯಲ್ಲಿ ಕಂಟಕ. ಅವರ ಗುಣ ಒಂದೇ: ಕಣ್ಣಾರೆ ಕಾಣದೆ ಬರೆಯುವುದಿಲ್ಲ. ರಸ್ತೆಯ ಡಾಂಬರಿನ ದಪ್ಪ, ಬಿಸಿಯೂಟದ ಬೇಳೆಯ ತೂಕ, ಕುಡಿಯುವ ನೀರಿನ ಶುದ್ಧಿ, ಮನುಷ್ಯನ ನೆತ್ತರಿನ ಒತ್ತಡ, ಇವೆಲ್ಲವೂ ಯಾವುದೋ ಒಂದು ಪಟ್ಟಿಯಲ್ಲಿ ಯಾರೋ ಒಬ್ಬರು ಬರೆದ ಅಂಕಿಗಳಾಗಿ ನಮ್ಮನ್ನು ತಲುಪುತ್ತವೆ. ಬರೆದವನು ಹೋಗಿ ನೋಡಿದ್ದನೇ ಇಲ್ಲವೇ ಎಂಬುದರ ಮೇಲೆ ನಾವು ಬದುಕುತ್ತೇವೆ ಅಥವಾ ಸಾಯುತ್ತೇವೆ. ಹೋಗಿ ನೋಡುವವರನ್ನು ನಾವು ಹುಚ್ಚರೆನ್ನುತ್ತೇವೆ, ನೋಡದೆ ಬರೆಯುವವರನ್ನು ಸಾಹೇಬರೆನ್ನುತ್ತೇವೆ. ಈ ಅವಮರ್ಯಾದೆಗೆ ಕಾರ್ಖಾನೆಯೊಂದೇ ಹೊಣೆಯಲ್ಲ. ಆ ಪಟ್ಟಿಯಲ್ಲಿ ಅರವತ್ತೆರಡು ಸಹಿಗಳೂ ಇದ್ದವು. ತೋಳಿಗೆ ಪಟ್ಟಿ ಸುತ್ತಲಿಲ್ಲವೆಂದು ಅರವತ್ತೆರಡು ಮಂದಿಗೂ ಗೊತ್ತಿತ್ತು.

ನೀವು, ಇದನ್ನು ಓದುತ್ತಿರುವವರು, ಹಾಗೆಯೇ ಎಲ್ಲೋ ಸಹಿ ಹಾಕಿದ್ದೀರಿ. ಈ ವಾರ ಮುಗಿಯುವುದರೊಳಗೆ ಹೋಗಿ ಸುಮ್ಮನೆ ಐದು ನಿಮಿಷ ಕೂತು ಎರಡು ಸಲ ಅಳೆಸಿಕೊಳ್ಳಿ. ಏರಿದ್ದರೆ, ಮೂತ್ರದ ಪ್ರೋಟೀನು, ರಕ್ತದ ಕ್ರಿಯಾಟಿನಿನ್ ಎರಡನ್ನೂ ನೋಡಿ ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಿ. ಅವರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ಒಂದು ದಿನವೂ ಬಿಡಬೇಡಿ. ಮುಂದಿನ ಸಲ ಯಾರಾದರೂ ಅಳೆಯದ ಅಂಕಿಯ ಪಕ್ಕ ಬೆರಳಿಟ್ಟು ಇಲ್ಲಿ ಸಹಿ ಮಾಡು ಎಂದಾಗ, ಪೆನ್ನು ಕೆಳಗಿಟ್ಟು, ಸಾಲಿನಲ್ಲಿ ಹಿಂದೆ ನಿಂತವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿ: ಮೊದಲು ಅಳೆಯಿರಿ.